ಮುಂದೆ ಐದು, ಹಿಂದೆ ನಾಲ್ಕು

ಡಿಸ್ಕ್ ಬ್ರೇಕ್ ಹಾಕಿಸಿದ ಹಳೇ ಕಾರಿಗೆ ಎಷ್ಟು ಹೆಚ್ಚು ಕೊಡಬಹುದು? ಇಲ್ಲಿ ಮಿಶಿಗನ್‌ನಲ್ಲಿ 1966ರ ಆರು ಸಿಲಿಂಡರ್ ಫೋರ್ಡ್ ಮಸ್ಟಾಂಗ್ ಕೊಳ್ಳುವಾಗ ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಇದಕ್ಕೆ. ಮಾರುತ್ತಿದ್ದವರು ಮುಂದಿನ ಡ್ರಮ್ ತೆಗೆಸಿ ಡಿಸ್ಕ್ ಕಿಟ್ ಕೂರಿಸಿದ್ದರು. ಅದರ ಬಾಬ್ತು 1,800 ಡಾಲರ್ ಹೆಚ್ಚು ಹೇಳಿದರು. ಬಗ್ಗಿ ನೋಡಿದರೆ ಮುಂದಿನ ಚಕ್ರಕ್ಕೆ ಐದು ನಟ್, ಹಿಂದಿನದಕ್ಕೆ ನಾಲ್ಕು. ಡಿಕ್ಕಿಯಲ್ಲಿದ್ದ ಸ್ಟೆಪ್ನಿಗೂ ನಾಲ್ಕೇ ತೂತು. ಮುಂದಿನ ಟೈರ್ ಪಂಕ್ಚರ್ ಆದರೆ ಅದು ಇದ್ದೂ ಇಲ್ಲದ ಹಾಗೆ.

ಆ ಕಾಲದ ಆರು ಸಿಲಿಂಡರ್ ಮಸ್ಟಾಂಗ್‌ಗೆ ನಾಲ್ಕು ಸ್ಟಡ್, ವಿ8ಗೆ ಐದು. ಬಹಳಷ್ಟು ಡಿಸ್ಕ್ ಕಿಟ್‌ಗಳು ವಿ8 ಅಳತೆಯವು. ಸ್ಟಡ್‌ಗಳು ಕೂರುವ ವೃತ್ತದ ವ್ಯಾಸ (ಪಿಸಿಡಿ) ಎರಡಕ್ಕೂ 114.3 ಮಿ.ಮೀ., ಆದ್ದರಿಂದಲೇ ಜನ ಮೋಸಹೋಗುತ್ತಾರೆ. ನಾಲ್ಕು ಸ್ಟಡ್ 90 ಡಿಗ್ರಿಗೊಂದು, ಐದು ಸ್ಟಡ್ 72 ಡಿಗ್ರಿಗೊಂದು. ಒಂದನ್ನು ತಾಳೆ ಮಾಡಿದರೆ ಪಕ್ಕದ್ದು ಸುಮಾರು 18 ಮಿ.ಮೀ. ಆಚೆ ಬೀಳುತ್ತದೆ. ಹಿಂದಿನ ಆಕ್ಸಲ್ಲಿನ ಹಳೇ ಫ್ಲಾಂಜಿಗೆ ಹೊಸ ತೂತು ಕೊರೆಸಿದರೆ ಎರಡು ತೂತುಗಳ ನಡುವೆ ಉಳಿಯುವ ಉಕ್ಕು ಐದಾರು ಮಿ.ಮೀ. ಅಷ್ಟೇ. ನನ್ನ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ಆ ಕೆಲಸ ಬೇಡ.

ನಾನು ಹಿಂದಿನ ಆಕ್ಸಲ್ಲನ್ನೇ ಬದಲಿಸಲು ನಿರ್ಧರಿಸಿದೆ. ವಿ8 ಮಸ್ಟಾಂಗಿನ ಎಂಟಿಂಚಿನ ಆಕ್ಸಲ್, ಸೆಕೆಂಡ್ ಹ್ಯಾಂಡ್, 650 ಡಾಲರ್. ಅದಕ್ಕೆ ಹೊಸ ಡ್ರಮ್, ಶೂ, ವ್ಹೀಲ್ ಸಿಲಿಂಡರ್ 280. ಬೇರಿಂಗ್ ಮತ್ತು ಸೀಲ್ 140. ಇಲ್ಲಿಗೆ 1,070 ಆಯಿತು. ಆರು ಸಿಲಿಂಡರಿನ ಪ್ರೊಪೆಲ್ಲರ್ ಶಾಫ್ಟ್ ಈ ಆಕ್ಸಲ್ಲಿಗೆ ಕೂರುವುದಿಲ್ಲ, ಅದನ್ನು ಸರಿಮಾಡಿಸಲು 220. ಗ್ಯಾರೇಜಿನ ಮಜೂರಿ 600. ಮೊತ್ತ 1,890. ಹಿಂದಕ್ಕೆ ಎರಡು, ಸ್ಟೆಪ್ನಿಗೆ ಒಂದು, ಹೀಗೆ ಐದು ತೂತಿನ ಮೂರು ರಿಮ್, ತಲಾ 120ರಂತೆ 360. ಮೂರು ಟೈರ್, ತಲಾ 110ರಂತೆ 330. ಒಟ್ಟು 2,580 ಡಾಲರ್. ‘ಅಪ್‌ಗ್ರೇಡ್’ ಎಂದು 1,800 ಹೆಚ್ಚು ಕೇಳಿದ ಕೆಲಸವನ್ನು ಪೂರೈಸಲು ಅದಕ್ಕಿಂತ 780 ಡಾಲರ್ ಜಾಸ್ತಿ ಬೇಕು! ಈ ಚೀಟಿಯನ್ನು ಮಾರುವವರ ಮುಂದಿಟ್ಟೆ. ಸಾಲುಸಾಲಾಗಿ ಓದಿ 1,500 ಇಳಿಸಿದರು. ಉಳಿದ 1,080 ನನ್ನ ಕೈಯಿಂದ ಹೋಯಿತು, ಅದರ ಬಗ್ಗೆ ನನಗೆ ಬೇಸರವಿಲ್ಲ.

ನಾಲ್ಕು ಸ್ಟಡ್ಡಿನ ಡಿಸ್ಕ್ ಕಿಟ್ಟೂ ಸಿಗುತ್ತದೆ. ಇನ್ನೂ ಡ್ರಮ್ಮೇ ಇರುವ ಕಾರಿಗೆ ಅದೇ ಅಗ್ಗದ ದಾರಿ. ಕ್ಯಾಲಿಪರ್ ತಗಲದ ರಿಮ್ ಮಾತ್ರ ಬೇಕು. ನನ್ನ ಕಾರಿನಲ್ಲಿ ಒಳ್ಳೆಯ ಕಿಟ್ ಆಗಲೇ ಕೂತಿತ್ತು, ಕಿತ್ತೆಸೆಯಲು ಮನಸ್ಸು ಬರಲಿಲ್ಲ.

ಇಷ್ಟು ಹೇಳುವಾಗ ಯಾರಾದರೂ ಅಡಾಪ್ಟರ್ ಮಾತು ತೆಗೆದೇ ತೆಗೆಯುತ್ತಾರೆ. 150 ಡಾಲರಿಗೆ ಜೋಡಿ, ನಾಲ್ಕನ್ನು ಐದು ಮಾಡಿಕೊಡುವ ಅಲ್ಯೂಮಿನಿಯಂ ಬಿಲ್ಲೆ. ನನಗೆ ಆ ವಸ್ತುವಿನ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಒಂದಿಂಚು ದಪ್ಪದ ಬಿಲ್ಲೆ ಹಾಕಿದರೆ ಚಕ್ರ ಅಷ್ಟೂ ಹೊರಗೆ ಬರುತ್ತದೆ. ತಗ್ಗು ಸಿಕ್ಕಿದಾಗ ಟೈರ್ ಮಡ್‌ಗಾರ್ಡಿಗೆ ಉಜ್ಜುತ್ತದೆ, ಬೇರಿಂಗಿನ ಮೇಲೆ ಭಾರ ಹೆಚ್ಚುತ್ತದೆ. ಚಕ್ರವನ್ನು ಹಿಡಿಯುವ ನಟ್‌ಗಳು ಎರಡು ಸಾಲಾಗುತ್ತವೆ, ಒಳಗಿನ ನಾಲ್ಕು ಸಡಿಲವಾಗಿವೆಯೇ ಎಂದು ನೋಡಬೇಕಾದರೆ ಪ್ರತಿ ಸಲವೂ ಚಕ್ರ ಬಿಚ್ಚಬೇಕು. ಯಾರು ಬಿಚ್ಚುತ್ತಾರೆ? ಬ್ರೇಕಿಗೆ ಸಾವಿರಾರು ಡಾಲರ್ ಸುರಿದು ಚಕ್ರವನ್ನು ಅಗ್ಗದ ಬಿಲ್ಲೆಯ ಮೇಲೆ ನಿಲ್ಲಿಸುವುದು ಉಳಿತಾಯವೇ ಅಲ್ಲ.

ಹಾಗೆಂದು ಬ್ರೇಕಿಗೆ ದುಡ್ಡು ಹಾಕಬೇಡಿ ಎನ್ನುತ್ತಿಲ್ಲ. 1966ರವರೆಗೆ ಮಸ್ಟಾಂಗ್‌ಗೆ ಇದ್ದದ್ದು ಒಂದೇ ಕೋಣೆಯ ಮಾಸ್ಟರ್ ಸಿಲಿಂಡರ್. ಎಲ್ಲಾದರೂ ಒಂದು ಕಡೆ ಬ್ರೇಕ್ ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. 1967ರಿಂದ ಎರಡು ಕೋಣೆಯದು ಬಂತು. ಹಳೆಯದಕ್ಕೆ ಅದನ್ನು ಹಾಕಿಸಲು ಕೊಡುವ ಒಂದೊಂದು ಡಾಲರೂ ಸಾರ್ಥಕ.

ನನ್ನ ತಕರಾರು ನಮ್ಮ ಖರ್ಚಿನ ಅಭ್ಯಾಸದ ಬಗ್ಗೆ. ಈ ತಿಂಗಳು ಮುಂದಿನದು, ಬೋನಸ್ ಬಂದಾಗ ಹಿಂದಿನದು ಎಂದು ಕೆಲಸ ಹಿಡಿಯುತ್ತೇವೆ. ಬೋನಸ್ ಬೇರೆಲ್ಲೋ ಕರಗುತ್ತದೆ, ಕಾರು ಅರೆಬರೆಯಾಗಿ ಶೆಡ್ಡಿನಲ್ಲಿ ನಿಲ್ಲುತ್ತದೆ, ಕೊನೆಗೆ ಸಿಕ್ಕಿದ ಬೆಲೆಗೆ ಹೋಗುತ್ತದೆ. ಪೂರ್ತಿ ಕೆಲಸದ ದುಡ್ಡು ಬೇರೆ ಖಾತೆಯಲ್ಲಿ ಕೂಡುವವರೆಗೆ ಸ್ಪ್ಯಾನರ್ ಮುಟ್ಟಬೇಡಿ. ಗ್ಯಾರೇಜಿನವರಿಂದ ಎಸ್ಟಿಮೇಟನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ. ಕಿಟ್ ಐದು ಸ್ಟಡ್ಡಿನದಾಗಿದ್ದು, ಅದರಲ್ಲಿ ಹಿಂದಿನ ಆಕ್ಸಲ್, ಐದು ರಿಮ್, ಸ್ಟೆಪ್ನಿಯ ಟೈರ್ ಇಲ್ಲದಿದ್ದರೆ ಮುಂಗಡ ಕೊಡಬೇಡಿ.