ಓದು ಬಾರದವರೂ ಶಾಲೆಗೆ ಬನ್ನಿ

ಹತ್ತಿ ಬಿಡಿಸುವ ಹಂಗಾಮು ಬಂತೆಂದರೆ ರಾಯಚೂರು ಜಿಲ್ಲೆಯ ಮಾನ್ವಿ, ದೇವದುರ್ಗ ಕಡೆಯ ಶಾಲೆಗಳ ಹಾಜರಿ ಪುಸ್ತಕವೇ ಊರಿನ ಕಥೆ ಹೇಳುತ್ತದೆ. ಕೆಲವು ಮಕ್ಕಳು ಹೊಲದಲ್ಲಿ. ಇನ್ನು ಕೆಲವರು ಬೆಂಗಳೂರಿಗೆ ಗುಳೆ ಹೋದ ಅಪ್ಪ-ಅವ್ವನ ಹಿಂದೆ. ತಮ್ಮನನ್ನು ಆಡಿಸಲು ಅಕ್ಕ ಮನೆಯಲ್ಲೇ ಉಳಿಯುತ್ತಾಳೆ.

"ನಮಗ ಓದಾಕ ಬರಂಗಿಲ್ರಿ, ಸಾಲಿಗೆ ಬಂದು ಏನ್ ಮಾಡೋಣ?" ಎಂದು ಶಾಲೆಗೆ ಕರೆದಾಗ ಕೇಳುವ ಪಾಲಕರು ಹಲವರು. ಮಾಡುವುದು ಬಹಳ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಸರ್ಕಾರಿ ಶಾಲೆಯ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರು. ಕರ್ನಾಟಕದಲ್ಲಂತೂ ಇಂಥ ಸಮಿತಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ), 2001ರಿಂದಲೇ ಇದೆ. ಶೌಚಾಲಯಕ್ಕೆ ನೀರಿದೆಯೇ, ಬಿಸಿಯೂಟದ ಸಾರಿನಲ್ಲಿ ಬೇಳೆ ಇದೆಯೇ ಎಂದು ಕೇಳಲು ಅಕ್ಷರ ಬೇಕಿಲ್ಲ. ಬೇಳೆ ನೋಡುವುದರಲ್ಲಿ ಅವ್ವಂದಿರನ್ನು ಮೀರಿಸುವ ಅಧಿಕಾರಿ ಎಲ್ಲಿದ್ದಾನೆ!

ಮನೆಯಲ್ಲೂ ಅಷ್ಟೆ. ರೊಟ್ಟಿ ಬಡಿಯುತ್ತಲೇ "ಇವತ್ತು ಕಲಿಸಿದ್ದು ಓದಿ ಹೇಳು" ಎಂದರೆ ಮಗು ಜೋರಾಗಿ ಓದುತ್ತದೆ. ಎಲ್ಲಿ ತಡವರಿಸಿತು ಎಂಬುದು ಓದು ಬಾರದ ಕಿವಿಗೂ ತಿಳಿಯುತ್ತದೆ; ಮರುದಿನ ಟೀಚರಿಗೆ ಹೇಳಿದರಾಯಿತು.

ಗುಳೆ ಹೋಗಲೇಬೇಕಾದರೆ ಮೊದಲು ಮುಖ್ಯಗುರುಗಳನ್ನು ಕಂಡು ವರ್ಗಾವಣೆ ಪತ್ರ ಕೇಳಿ. ಅದು ತಡವಾಯಿತೆಂದು ಹೊಸ ಊರಿನ ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ.