ಸೈಕಲ್ಲಿನಿಂದ ಬಿದ್ದಾಗ ಹೊಟ್ಟೆಯನ್ನೂ ನೋಡಿ

ಭಾನುವಾರ ಬೆಳಿಗ್ಗೆ ನಿಮ್ಮ ಮಗ ಗೆಳೆಯರ ಜೊತೆ ಗುಡ್ಡದ ಹಾದಿಯಲ್ಲಿ ಸೈಕಲ್ ಹೊಡೆಯಲು ಹೋಗಿದ್ದಾನೆ. ಮಧ್ಯಾಹ್ನ ಮೊಣಕಾಲು ತರಚಿಕೊಂಡು ಮನೆಗೆ ಬರುತ್ತಾನೆ. ನೀವು ನಾಲ್ಕು ಮಾತು ಬೈದು, ಗಾಯ ತೊಳೆದು, ಮುಲಾಮು ಹಚ್ಚುತ್ತೀರಿ. ಅವನು ಊಟ ಬೇಡವೆಂದು ಮಲಗುತ್ತಾನೆ. ದಣಿದಿರಬೇಕು ಎಂದುಕೊಳ್ಳುತ್ತೀರಿ. ಸಂಜೆಗೆ ಹೊಟ್ಟೆನೋವು, ವಾಂತಿ ಶುರುವಾಗುತ್ತವೆ. ಬೆಳಗಿನ ಬೀಳುವಿಕೆಗೂ ಈ ವಾಂತಿಗೂ ಸಂಬಂಧವಿರಬಹುದೆಂದು ಎಷ್ಟು ಮಂದಿಗೆ ಹೊಳೆಯುತ್ತದೆ?

ಗುಡ್ಡಗಾಡಿನ ಸೈಕಲ್ ಸವಾರಿ 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಆಟ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅದಕ್ಕೂ ಸ್ಥಾನ ದೊರೆಯಿತು. ದಪ್ಪ ಟೈರಿನ ಗೇರ್ ಸೈಕಲ್ಲುಗಳು ಇಂದು ನಮ್ಮ ಮನೆಗಳಲ್ಲೂ ಇವೆ. ನಂದಿಬೆಟ್ಟದ ಆಸುಪಾಸಿನ ಕಲ್ಲುಹಾದಿಗಳಲ್ಲೂ ಓಡುತ್ತವೆ. ಹೃದಯಕ್ಕೂ ಶ್ವಾಸಕೋಶಕ್ಕೂ ಇದು ಒಳ್ಳೆಯ ವ್ಯಾಯಾಮ. ಆದರೆ ಇಂಥ ಹಾದಿಯಲ್ಲಿ ಒಮ್ಮೆಯೂ ಬೀಳದ ಸವಾರನಿಲ್ಲ. ಕಣ್ಣಿಗೆ ಕಾಣುವ ಗಾಯಕ್ಕಿಂತ ಕಾಣದ ಗಾಯವೇ ಹೆಚ್ಚು ಅಪಾಯಕಾರಿ ಎಂಬುದನ್ನು ತಂದೆತಾಯಿಗಳು ಅರಿತಿರಬೇಕು.

ಹ್ಯಾಂಡಲಿನ ಪೆಟ್ಟು

ಇಳಿಜಾರಿನಲ್ಲಿ ಮುಂದಿನ ಚಕ್ರ ಕಲ್ಲಿಗೋ ಮರದ ಬೇರಿಗೋ ತಾಗಿ ಒಮ್ಮೆಲೇ ಅಡ್ಡ ತಿರುಗುತ್ತದೆ. ಆಗ ಹ್ಯಾಂಡಲಿನ ಒಂದು ತುದಿ ಸವಾರನ ಹೊಟ್ಟೆಗೆ ನೇರವಾಗಿ ನಿಲ್ಲುತ್ತದೆ. ಮುಂದಕ್ಕೆ ಬೀಳುವ ಮೈಯ ಭಾರವೆಲ್ಲ ಸುಮಾರು ನಾಣ್ಯದಷ್ಟು ಅಗಲದ ಆ ತುದಿಯ ಮೇಲೆ ಬೀಳುತ್ತದೆ. ಇದಕ್ಕೆ ಹೆಚ್ಚಿನ ವೇಗವೂ ಬೇಕಿಲ್ಲ. ಮಕ್ಕಳ ಹೊಟ್ಟೆಯ ಸ್ನಾಯು ತೆಳು. ಪಕ್ಕೆಲುಬುಗಳು ಮುರಿಯದೆ ಬಾಗಿ ಪೆಟ್ಟನ್ನು ಒಳಕ್ಕೆ ದಾಟಿಸುತ್ತವೆ. ಚರ್ಮದ ಮೇಲೆ ಉಂಗುರದಂಥ ಗುರುತು ಮೂಡಬಹುದು, ಕೆಲವೊಮ್ಮೆ ಅದೂ ಇರುವುದಿಲ್ಲ.

ಎಡ ಪಕ್ಕೆಲುಬುಗಳ ಮರೆಯಲ್ಲಿ ಗುಲ್ಮ, ಬಲಗಡೆ ಪಿತ್ತಜನಕಾಂಗ ಇವೆ. ಇವು ಹರಿದರೆ ರಕ್ತ ಹೊಟ್ಟೆಯೊಳಗೇ ಸೋರುತ್ತದೆ. ಹೊರಗೆ ಒಂದು ತೊಟ್ಟೂ ಕಾಣದು. ನಡುವೆ ಇರುವ ಮೇದೋಜೀರಕ ಗ್ರಂಥಿ ಮತ್ತು ಸಣ್ಣ ಕರುಳಿನ ಮೊದಲ ಭಾಗ ಹ್ಯಾಂಡಲಿಗೂ ಬೆನ್ನುಮೂಳೆಗೂ ಮಧ್ಯೆ ಸಿಕ್ಕಿ ಜಜ್ಜಿಹೋಗಬಹುದು. ಇವುಗಳ ತೊಂದರೆ ಒಂದೆರಡು ದಿನ ಕಳೆದ ಮೇಲೆ ತಲೆದೋರುವುದೂ ಉಂಟು. ಆದುದರಿಂದ ‘ಬಿದ್ದವನು ತಾನೇ ಎದ್ದು ಸೈಕಲ್ ಹೊಡೆದುಕೊಂಡು ಬಂದ’ ಎಂದು ನಿಶ್ಚಿಂತರಾಗಬಾರದು.

ಯಾವಾಗ ಆಸ್ಪತ್ರೆಗೆ?

ಹ್ಯಾಂಡಲ್ ಹೊಟ್ಟೆಗೆ ಬಲವಾಗಿ ಬಡಿದಿದ್ದರೆ ನೋವು ಇಲ್ಲದಿದ್ದರೂ ಅದೇ ದಿನ ವೈದ್ಯರಿಗೆ ತೋರಿಸಿ. ಹೊಟ್ಟೆನೋವು ಹೆಚ್ಚುತ್ತಿದ್ದರೆ, ವಾಂತಿಯಾದರೆ, ಹೊಟ್ಟೆ ಗಟ್ಟಿಯಾಗಿ ಉಬ್ಬಿದರೆ, ಪೆಟ್ಟೇ ಬೀಳದ ಎಡ ಭುಜ ನೋಯುತ್ತಿದ್ದರೆ, ಮೂತ್ರ ಕೆಂಪಗಿದ್ದರೆ, ಮುಖ ಬಿಳಿಚಿ ಮೈ ತಣ್ಣಗೆ ಬೆವರಿದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೊರಡಿ. 108ಕ್ಕೆ ಕರೆ ಮಾಡಿ. ವೈದ್ಯರು ನೋಡುವವರೆಗೆ ತಿನ್ನಲು ಕುಡಿಯಲು ಏನನ್ನೂ ಕೊಡಬೇಡಿ. ಹೊಟ್ಟೆ ನೀವುವುದು, ನೋವಿನ ಮಾತ್ರೆ ನುಂಗಿಸುವುದು ಬೇಡ.

ಆಸ್ಪತ್ರೆಯೆಂದೊಡನೆ ಶಸ್ತ್ರಚಿಕಿತ್ಸೆಯೆಂದು ಹೆದರಬೇಕಿಲ್ಲ. ಮಕ್ಕಳ ಗುಲ್ಮದ ಹೆಚ್ಚಿನ ಗಾಯಗಳು ವೈದ್ಯರ ನಿಗಾದಲ್ಲಿ ವಿಶ್ರಾಂತಿಯಿಂದಲೇ ಮಾಯುತ್ತವೆ. ಸಮಯಕ್ಕೆ ಸರಿಯಾಗಿ ತಲುಪಿರಬೇಕು, ಅಷ್ಟೆ.

ತಲೆ, ಕುತ್ತಿಗೆ, ಮಣಿಕಟ್ಟು

ತಲೆಗೆ ಪೆಟ್ಟು ಬಿದ್ದು ಕ್ಷಣಕಾಲ ಎಚ್ಚರ ತಪ್ಪಿದ್ದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರೆ, ವಾಂತಿ ಅಥವಾ ವಿಪರೀತ ಮಂಪರು ಇದ್ದರೆ ಅದೂ ತುರ್ತು ಸ್ಥಿತಿಯೇ. ಕುತ್ತಿಗೆ ನೋಯುತ್ತಿದೆ, ಕೈಕಾಲು ಜೋಮು ಹಿಡಿದಿದೆ ಎಂದರೆ ಎತ್ತಿ ಕೂರಿಸಬೇಡಿ. ಆಂಬುಲೆನ್ಸ್ ಬರುವವರೆಗೆ ಅಲ್ಲಾಡದಂತೆ ಮಲಗಿಸಿರಿ. ಕೈಯೂರಿ ಬಿದ್ದು ಹೆಬ್ಬೆರಳಿನ ಬುಡದ ಗುಳಿಯಲ್ಲಿ ನೋವಿದ್ದರೆ ಅಲ್ಲಿನ ಚಿಕ್ಕ ಮೂಳೆ ಬಿರಿದಿರಬಹುದು. ಮೊದಲ ಎಕ್ಸ್-ರೇಯಲ್ಲಿ ಅದು ಕಾಣದಿರುವುದುಂಟು. ನೋವು ಉಳಿದರೆ ಹತ್ತು ಹದಿನೈದು ದಿನಗಳಲ್ಲಿ ಮತ್ತೆ ತೋರಿಸಬೇಕು. ಮಣ್ಣು ಸೇರಿದ ಗಾಯಕ್ಕೆ ಧನುರ್ವಾಯು ಚುಚ್ಚುಮದ್ದಿನ ವಿಷಯ ವೈದ್ಯರನ್ನು ಕೇಳಿ.

ಹೊರಡುವ ಮುನ್ನ

ಹ್ಯಾಂಡಲಿನ ತುದಿಯ ರಬ್ಬರು ಹರಿದು ಲೋಹ ಹೊರಬಂದಿದ್ದರೆ ಇಂದೇ ಬದಲಾಯಿಸಿ. ಹೆಚ್ಚು ದುಡ್ಡಿನ ಕೆಲಸವಲ್ಲ. ಬ್ರೇಕು ಪರೀಕ್ಷಿಸಿ. ಹೆಲ್ಮೆಟ್ ಅಲ್ಲಾಡದಂತೆ ಪಟ್ಟಿ ಬಿಗಿದಿರಲಿ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಬಳಸಬಾರದು. ‘ಬೆಳೆಯುವ ಹುಡುಗ’ ಎಂದು ದೊಡ್ಡ ಅಳತೆಯ ಸೈಕಲ್ ಕೊಡಿಸಬೇಡಿ. ಗುಡ್ಡದ ಹಾದಿಗೆ ಒಬ್ಬನನ್ನೇ ಕಳುಹಿಸಬೇಡಿ. ಹೋಗುವ ದಾರಿ ಮನೆಯಲ್ಲಿ ತಿಳಿದಿರಲಿ.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಬೈಗುಳಕ್ಕೆ ಹೆದರುವ ಮಗು ಬಿದ್ದದ್ದನ್ನೇ ಮುಚ್ಚಿಡುತ್ತದೆ. ಬಿದ್ದು ಬಂದ ಮಗುವನ್ನು ಮೊದಲು ಹತ್ತಿರ ಕೂರಿಸಿಕೊಂಡು, ‘ಹೇಗೆ ಬಿದ್ದೆ? ಹ್ಯಾಂಡಲ್ ಹೊಟ್ಟೆಗೆ ತಾಗಿತೇ?’ ಎಂದು ಕೇಳಿ, ಅಂಗಿ ಎತ್ತಿ ನೋಡಿ. ಬುದ್ಧಿವಾದವನ್ನು ನಾಳೆ ಹೇಳಿದರೂ ಆದೀತು.