ಮಿಲಿಮೀಟರಿಗೊಂದು ಬೆಲೆ

ಕ್ಯಾಮೆರಾ ಕೊಳ್ಳುವಾಗ ಮನೆಯವರೆಲ್ಲ ಕೂತು ಚರ್ಚೆ ಮಾಡುತ್ತಾರೆ. ಕೊಂಡ ಮೇಲಿನ ಖರ್ಚನ್ನು ಯಾರೂ ಚರ್ಚಿಸುವುದಿಲ್ಲ. ಬ್ಯಾಗು, ಇನ್ನೊಂದು ಬ್ಯಾಟರಿ, ಮೆಮೊರಿ ಕಾರ್ಡು, ಟ್ರೈಪಾಡು ಎಂದು ಅದು ಸಣ್ಣ ಸಣ್ಣ ಮೊತ್ತವಾಗಿ ಜಾರಿಕೊಂಡು ಹೋಗುತ್ತದೆ. ಆ ಸಾಲಿನಲ್ಲೇ ಬರುವುದು ಫಿಲ್ಟರು. ಫಿಲ್ಮ್ ರೀಲಿನ ಕಾಲದಲ್ಲಿ ಬಣ್ಣ ತಿದ್ದಲು ಬೇಕಾಗಿದ್ದ ಗಾಜುಗಳ ಕೆಲಸವನ್ನು ಈಗ ಕ್ಯಾಮೆರಾದೊಳಗಿನ ವೈಟ್ ಬ್ಯಾಲೆನ್ಸ್ ಪುಕ್ಕಟೆಯಾಗಿ ಮಾಡುತ್ತದೆ. ಹಾಗಾಗಿ ಬಹುಪಾಲು ಫಿಲ್ಟರುಗಳನ್ನು ನಾನು ಖರ್ಚಿನ ಪಟ್ಟಿಯಿಂದ ಯೋಚಿಸದೆ ಹೊಡೆದು ಹಾಕುತ್ತೇನೆ. ಹೊಡೆಯಲಾಗದೆ ಉಳಿಯುವುದು ಎರಡು: ಬೆಳಕು ತಗ್ಗಿಸುವ ಎನ್‌ಡಿ ಮತ್ತು ಪೋಲರೈಸರ್. ಬೆಳಕನ್ನು ಪೋಲರೈಸರೂ ಒಂದಿಷ್ಟು ತಗ್ಗಿಸುವುದರಿಂದ ಹವ್ಯಾಸಿಗಳಿಗೆ ಮೊದಮೊದಲು ಎನ್‌ಡಿಯೂ ಬೇಡ. ಫಿಲ್ಟರಿಗೆಂದು ತೆಗೆದಿಟ್ಟ ದುಡ್ಡೆಲ್ಲ ಪೋಲರೈಸರಿಗೇ ಹೋಗಲಿ. ಅದೂ ಒಂದಕ್ಕೆ ಮಾತ್ರ.

ಅದು ಮಾಡುವ ಕೆಲಸ ಇಷ್ಟು. ನೀರು, ಒದ್ದೆ ಎಲೆ, ಗಾಜು ಇವುಗಳ ಮೇಲೆ ಬಿದ್ದು ಓರೆಯಾಗಿ ಪುಟಿದ ಬೆಳಕು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಫಿಲ್ಟರಿನ ಹೊರಬಳೆಯನ್ನು ತಿರುಗಿಸಿ ಆ ದಿಕ್ಕಿಗೆ ಅಡ್ಡ ಹಿಡಿದರೆ ಬಿಳಿ ಹೊಳಪು ಮಾಯವಾಗಿ ಅಡಿಯಲ್ಲಿರುವುದು ಕಾಣುತ್ತದೆ: ಹೊಳೆಯ ತಳದ ಕಲ್ಲು, ಎಲೆಯ ನಿಜವಾದ ಹಸಿರು, ಗಾಜಿನ ಹಿಂದಿನ ಚಿತ್ರ. ಹೊಳಪಿನಡಿ ಮುಚ್ಚಿಹೋದದ್ದು ಕ್ಯಾಮೆರಾದಲ್ಲಿ ದಾಖಲೇ ಆಗಿರುವುದಿಲ್ಲ. ಆಮೇಲೆ ಕಂಪ್ಯೂಟರಿನ ಮುಂದೆ ಎಷ್ಟು ಹೊತ್ತು ಕೂತರೂ ಅದು ವಾಪಸು ಬಾರದು. ನೀರಿನ ಮಟ್ಟದಿಂದ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡುವಾಗ ಪರಿಣಾಮ ಅತಿ ಹೆಚ್ಚು. ನೆಟ್ಟಗೆ ಮೇಲಿನಿಂದ ಬಗ್ಗಿ ನೋಡಿದರೆ ಇಲ್ಲವೇ ಇಲ್ಲ ಎನ್ನಬಹುದು. ಹಿತ್ತಾಳೆ, ಸ್ಟೀಲಿನಂಥ ಲೋಹದ ಹೊಳಪಿಗೂ ಇದರಿಂದ ಉಪಯೋಗವಿಲ್ಲ. ದೇವರ ಮನೆಯ ದೀಪದ ಕಂಬ ತೆಗೆಯಲು ಇದನ್ನು ಕೊಳ್ಳಬೇಡಿ.

ಸರ್ ಸಿ.ವಿ. ರಾಮನ್ 1921ರಲ್ಲಿ ಎಸ್‌.ಎಸ್‌. ನರ್ಕುಂಡಾ ಹಡಗಿನಲ್ಲಿ ಇಂಗ್ಲೆಂಡಿನಿಂದ ಮರಳುವಾಗ ಇದೇ ಉಪಾಯ ಬಳಸಿದ್ದರು. ನಿಕೋಲ್ ಪ್ರಿಸಂ ಎಂಬ ಸ್ಫಟಿಕದ ತುಂಡನ್ನು ಕಣ್ಣಿಗೆ ಹಿಡಿದು ಸಮುದ್ರದ ಮೇಲಿನ ಆಕಾಶದ ಪ್ರತಿಫಲನವನ್ನು ಅಳಿಸಿ ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ಸಮುದ್ರದ ಬಣ್ಣ ಆಕಾಶದಿಂದ ಕಡ ತಂದದ್ದಲ್ಲ, ನೀರು ಬೆಳಕನ್ನು ಚದುರಿಸುವುದರಿಂದ ಬಂದದ್ದು ಎಂಬ ವಾದಕ್ಕೆ ಅದು ಆಧಾರವಾಯಿತು. ಜೇಬಿನಲ್ಲಿ ಹಿಡಿಸುವ ಉಪಕರಣ ಅದು. ದುಬಾರಿ ಸಾಮಗ್ರಿ ಇಲ್ಲದೆ ವಿಜ್ಞಾನವೇ ನಡೆದಿರುವಾಗ ನಮ್ಮ ಭಾನುವಾರದ ಫೋಟೋಗೆ ಹತ್ತು ಸಾವಿರದ ಗಾಜು ಬೇಕೇ ಎಂಬುದು ಹಣಕಾಸು ಅಂಕಣದವಳ ಪ್ರಶ್ನೆ.

ಮೊದಲು ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ. ಮನೆಯಲ್ಲಿ ಯಾರದಾದರೂ ಪೋಲರೈಸ್ಡ್ ತಂಪು ಕನ್ನಡಕವಿದ್ದರೆ ಅದರ ಗಾಜನ್ನು ಮೊಬೈಲಿನ ಲೆನ್ಸಿಗೆ ಅಡ್ಡ ಹಿಡಿದು ನಿಧಾನವಾಗಿ ತಿರುಗಿಸಿ. ಕೆರೆ, ಮಳೆ ನಿಂತ ಮೇಲಿನ ತೋಟ, ನಿಲ್ಲಿಸಿದ ಕಾರಿನ ಗಾಜು, ಹೀಗೆ ನೀವು ಸಾಮಾನ್ಯವಾಗಿ ತೆಗೆಯುವ ವಸ್ತುಗಳ ಮೇಲೇ ನೋಡಿ. ವ್ಯತ್ಯಾಸ ಕಂಡು ಖುಷಿಯಾದರೆ ಮಾತ್ರ ಮುಂದಿನ ಲೆಕ್ಕ. ಹಕ್ಕಿ ತೆಗೆಯುವವರು, ಸಭೆ ಸಮಾರಂಭ ತೆಗೆಯುವವರು, ಓಡುವ ಮಕ್ಕಳ ಹಿಂದೆ ಬಿದ್ದಿರುವವರು ಇಲ್ಲಿಗೇ ನಿಲ್ಲಬಹುದು. ಅವರಿಗೆ ಬೆಳಕೇ ಬಂಡವಾಳ, ಇದು ಅದನ್ನೇ ತಿನ್ನುತ್ತದೆ. ಹಾಗೆಂದು ಸಮಾರಂಭದಲ್ಲಿ ಇದಕ್ಕೆ ಕೆಲಸವೇ ಇಲ್ಲ ಎಂದಲ್ಲ, ಬಣ್ಣಕ್ಕಷ್ಟೇ ಇದು ಎಂದುಕೊಳ್ಳುವುದೂ ಬೇಡ. ಶಿವಮೊಗ್ಗದ ಮದುವೆ ಫೋಟೋಗ್ರಾಫರ್ ಒಬ್ಬರ ಬ್ಯಾಗಿನಲ್ಲಿ ಇದನ್ನು ಕಂಡು ಕೇಳಿದೆ. "ಆಕಾಶಕ್ಕಲ್ಲ ಅಕ್ಕ, ಅಜ್ಜ ಅಜ್ಜಿಯರ ಕನ್ನಡಕಕ್ಕೆ ಇಟ್ಕೊಂಡಿದೀನಿ. ಗ್ರೂಪ್ ಫೋಟೋದಲ್ಲಿ ಕಣ್ಣು ಕಾಣ್ದಿದ್ರೆ ಆಲ್ಬಂ ವಾಪಸ್ ಬರುತ್ತೆ" ಎಂದರು. ಆಲ್ಬಂ ವಾಪಸಾದರೆ ಆಗುವ ನಷ್ಟದ ಮುಂದೆ ಫಿಲ್ಟರಿನ ಬೆಲೆ ಏನೂ ಅಲ್ಲ.

ಈಗ ಅಳತೆ. ಲೆನ್ಸಿನ ಮುಂಭಾಗದಲ್ಲಿ ಸೊನ್ನೆಗೆ ಅಡ್ಡಗೀರು ಎಳೆದಂತೆ ಒಂದು ಗುರುತಿರುತ್ತದೆ. ಅದರ ಪಕ್ಕದ ಸಂಖ್ಯೆಯೇ ಫಿಲ್ಟರಿನ ಸೈಜು. 49, 52, 55, 58, 62, 67, 72, 77, 82 ಮಿಲಿಮೀಟರ್ ಹೀಗೆ ಏರುತ್ತದೆ, ಜೊತೆಗೆ ಬೆಲೆಯೂ ಏರುತ್ತದೆ. 58ರಿಂದ 77ಕ್ಕೆ ಹೋದರೆ ಅಗಲ ಮೂರನೇ ಒಂದು ಭಾಗ ಹೆಚ್ಚಿದಂತೆ ಕಂಡರೂ ಗಾಜಿನ ವಿಸ್ತೀರ್ಣ ಮುಕ್ಕಾಲು ಪಾಲು ಹೆಚ್ಚುತ್ತದೆ. ನನ್ನ ಬಳಿ ಇರುವುದು ಕ್ಯಾನನ್‌ನ ಸಾಮಾನ್ಯ ಲೆನ್ಸುಗಳು: 18-55 ಮತ್ತು 55-250 ಎರಡಕ್ಕೂ 58 ಎಂಎಂ, 50ರ ಪುಟ್ಟದಕ್ಕೆ 49, ಅಗಲ ನೋಟದ 10-18ಕ್ಕೆ 67. ಒಂದೊಂದು ಸೈಜಿಗೂ ಒಂದೊಂದು ಎಂದರೆ ಮೂರು ಫಿಲ್ಟರು. ಆದರೆ ದೊಡ್ಡದನ್ನು ಚಿಕ್ಕ ಲೆನ್ಸಿಗೆ ಕೂಡಿಸುವ ಸ್ಟೆಪ್-ಅಪ್ ರಿಂಗ್ ಎಂಬ ಲೋಹದ ಬಳೆ ಸಿಗುತ್ತದೆ. 67ರ ಒಂದು ಒಳ್ಳೆಯ ಫಿಲ್ಟರಿಗೆ ಮೂರು ಸಾವಿರದ ಆಸುಪಾಸು ಕೊಟ್ಟೆ. 49ರಿಂದ 67, 58ರಿಂದ 67 ಮಾಡುವ ಎರಡು ಬಳೆಗಳು ಸೇರಿ ಐನೂರು ರೂಪಾಯಿಯೊಳಗೆ ಮುಗಿದವು. ಗಾಜೇ ಇಲ್ಲದ ಬಳೆಯಿಂದ ಚಿತ್ರದ ಗುಣ ಕೆಡುವ ಪ್ರಶ್ನೆಯಿಲ್ಲ. ಕೊಳ್ಳುವಾಗ ಸ್ಟೆಪ್-ಡೌನ್ ಎಂದು ಬರೆದದ್ದು ಬಾರದಂತೆ ನೋಡಿಕೊಳ್ಳಿ, ಅದು ತಿರುಗಾಮುರುಗಾ; ಚಿತ್ರದ ಮೂಲೆಗಳು ಕಪ್ಪಾಗುತ್ತವೆ.

ಹಾಗಾದರೆ ನೇರವಾಗಿ 77 ಅಥವಾ 82 ಕೊಂಡುಬಿಟ್ಟರೆ ಮುಂದೆ ಬರುವ ದೊಡ್ಡ ಲೆನ್ಸಿಗೂ ಆಯಿತಲ್ಲ ಎಂದು ಅನೇಕರು ಸಲಹೆ ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಆ ದೊಡ್ಡ ಲೆನ್ಸು ಮುಂದಿನ ವರ್ಷದ ಬಜೆಟ್ಟಿನಲ್ಲಿ ನಿಜವಾಗಿ ಇದ್ದರೆ ಸರಿ. ಇಲ್ಲದಿದ್ದರೆ, ಹುಟ್ಟದ ಮಗುವಿಗೆ ಸ್ಕೂಲ್ ಫೀಸು ಕಟ್ಟಿದ ಹಾಗೆ. ಅರವತ್ತು ಸಾವಿರದ ಲೆನ್ಸ್ ಕೊಳ್ಳುವ ಶಕ್ತಿ ಬಂದ ದಿನ ಫಿಲ್ಟರಿಗೆ ಇನ್ನೊಂದು ಐದು ಸಾವಿರ ಭಾರವಾಗದು. ಇಂದಿನ ಲೆನ್ಸುಗಳಲ್ಲಿ ದೊಡ್ಡದು ಯಾವುದೋ ಅದರ ಸೈಜಿಗೆ ನಿಲ್ಲಿ.

ಅಂಗಡಿಯಲ್ಲಿ ಕೇಳಿಬರುವ ಮಾತು ಇನ್ನೊಂದು. "ಮೇಡಂ, ಒಂದ್ಯಾಕೆ ತಗೋತೀರಾ, ಕಾಂಬೋ ಇದೆ. ಯುವಿ, ಸಿಪಿಎಲ್, ಎಫ್‌ಎಲ್‌ಡಿ, ಮೂರೂ ಸೇರಿ ಒಂದ್ ಸಾವಿರ, ಪೌಚ್ ಫ್ರೀ." ಇದರಲ್ಲಿ ಸಿಪಿಎಲ್ ಎಂದರೆ ಪೋಲರೈಸರೇ. ಎಫ್‌ಎಲ್‌ಡಿ ಎನ್ನುವುದು ಟ್ಯೂಬ್‌ಲೈಟಿನಡಿ ಫಿಲ್ಮ್ ರೀಲಿಗೆ ಹತ್ತುತ್ತಿದ್ದ ಹಸಿರು ಛಾಯೆಯನ್ನು ತಿದ್ದಲು ಮಾಡಿದ್ದು. ಡಿಜಿಟಲ್ ಕ್ಯಾಮೆರಾಗೆ ಅದರ ಕೆಲಸವಿಲ್ಲ. ಯುವಿ ಇಂದು ಲೆನ್ಸಿನ ಮುಂದಿನ ಕಾವಲು ಗಾಜು ಅಷ್ಟೇ. ಪೋಲರೈಸರ್ ಹಾಕುವಾಗ ಅದನ್ನೂ ಬಿಚ್ಚಿಡಬೇಕು, ಒಂದರ ಮೇಲೊಂದು ಕೂತರೆ ಮೂಲೆ ಕಪ್ಪಾಗಬಹುದು, ಗಾಜು ಗಾಜಿನ ನಡುವೆ ಬೆಳಕು ಪುಟಿದು ಕಲೆಯೂ ಬೀಳಬಹುದು. ಅಂದರೆ ಸಾವಿರ ರೂಪಾಯಿಗೆ ಸಿಗುವುದು ಮುನ್ನೂರು ರೂಪಾಯಿಯ ಒಂದು ಪೋಲರೈಸರು.

ಮುನ್ನೂರರದ್ದು ಕೆಲಸ ಮಾಡುವುದಿಲ್ಲವೇ? ಮಾಡುತ್ತದೆ, ಅಗಲದ ನೋಟದಲ್ಲಿ ಸುಮಾರಾಗಿಯೇ ಮಾಡುತ್ತದೆ. ಕೆಡುವುದು ಜೂಮ್ ಎಳೆದಾಗ. ಗಾಜು ಸಮತಟ್ಟಾಗಿಲ್ಲದಿದ್ದರೆ 250 ಎಂಎಂನಲ್ಲಿ ಚಿತ್ರ ಮೆತ್ತಗಾಗುತ್ತದೆ, ಜನ ಲೆನ್ಸನ್ನೇ ಬೈಯುತ್ತಾರೆ. ಆದ್ದರಿಂದ ದುಡ್ಡು ಕೊಡಬೇಕಾದ್ದು ಸಮತಟ್ಟಾದ ಗಾಜಿಗೆ, ಎರಡೂ ಬದಿಯ ಮಲ್ಟಿಕೋಟಿಂಗಿಗೆ ಮತ್ತು ಸಲೀಸಾಗಿ ತಿರುಗುವ ಬಳೆಗೆ. ಹೋಯಾ, ಕೆಂಕೋ, ಮರುಮಿಯಂಥ ಜಪಾನಿನ ಹೆಸರುಗಳ ನಡುದರ್ಜೆಯ ಮಾಲು ಹವ್ಯಾಸಿಗೆ ಸಾಕು. ಜರ್ಮನಿಯ ಬಿ ಪ್ಲಸ್ ಡಬ್ಲ್ಯು ಒಳ್ಳೆಯದೇ, ಅದರ ಹಿತ್ತಾಳೆ ಚೌಕಟ್ಟು ಲೆನ್ಸಿಗೆ ಕಚ್ಚಿಕೊಳ್ಳುವುದು ಕಡಿಮೆ. ಆದರೆ ಅದರ ಬೆಲೆಯಲ್ಲಿ ಒಂದು ಸಾಧಾರಣ ಟ್ರೈಪಾಡೂ ಬರುತ್ತದೆ, ನಾನಾಗಿದ್ದರೆ ಟ್ರೈಪಾಡಿಗೆ ಹಾಕುತ್ತೇನೆ. ಬಣ್ಣ ಸ್ವಲ್ಪ ಹಳದಿಗೋ ನೀಲಿಗೋ ವಾಲುವುದಕ್ಕೆ ಹೆದರಬೇಕಿಲ್ಲ. ಅದನ್ನು ತಿದ್ದಿಕೊಳ್ಳಬಹುದು, ಹಾಗಾಗಿ ಅದು ಚೌಕಾಸಿಗೆ ಸಿಗುವ ದೋಷ. 'ಸ್ಲಿಮ್' ಎಂಬ ವಿಶೇಷಣಕ್ಕೆ ಹೆಚ್ಚು ಕೊಡುವುದೂ ತೀರಾ ಅಗಲದ ಲೆನ್ಸಿದ್ದವರಿಗೆ ಮಾತ್ರ.

ಇನ್ನೂ ಕಡಿಮೆಗೆ ಬೇಕೆನ್ನುವವರಿಗೆ ಹಳೆಯ ಲೀನಿಯರ್ ಪೋಲರೈಸರುಗಳಿವೆ, ಸೆಕೆಂಡ್‌ಹ್ಯಾಂಡಿನಲ್ಲಿ ಅಗ್ಗ. ಕನ್ನಡಿಯಿರುವ ಡಿಎಸ್‌ಎಲ್‌ಆರ್‌ನಲ್ಲಿ ಅವು ಫೋಕಸ್ಸನ್ನೂ ಬೆಳಕಿನ ಅಳತೆಯನ್ನೂ ತಪ್ಪಿಸಬಹುದು. ಅದಕ್ಕೇ ಹಿಂಬದಿಯಲ್ಲಿ ಇನ್ನೊಂದು ಪದರ ಸೇರಿಸಿ ಸರ್ಕ್ಯುಲರ್ ಮಾಡಿದ್ದು. ಮಿರರ್‌ಲೆಸ್ ಕ್ಯಾಮೆರಾದವರಿಗೆ ಸಾಮಾನ್ಯವಾಗಿ ಆ ತೊಂದರೆಯಿಲ್ಲ, ಅವರು ಧೈರ್ಯವಾಗಿ ಹಳೆಯದನ್ನು ನೋಡಬಹುದು. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಅಂಚಿನಲ್ಲಿ ಗುಳ್ಳೆ, ಕಾಮನಬಿಲ್ಲಿನಂಥ ಪಟ್ಟೆ ಇದೆಯೇ ನೋಡಿ. ಇದ್ದರೆ ಒಳಪದರ ಬಿಟ್ಟುಕೊಳ್ಳುತ್ತಿದೆ ಎಂದರ್ಥ, ಎಷ್ಟು ಅಗ್ಗವಾದರೂ ಬೇಡ.

ಹೊಸದಾಗಲಿ ಹಳೆಯದಾಗಲಿ, ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ ಪರೀಕ್ಷೆ ಮಾಡಿ. ಫಿಲ್ಟರಿನ ಮುಂಬದಿಯನ್ನು ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯ ಕಡೆ ಹಿಡಿದು ತಿರುಗಿಸಿದರೆ ಒಂದು ಹಂತದಲ್ಲಿ ಪರದೆ ಕಪ್ಪಾಗಬೇಕು. ಏನೂ ಆಗದಿದ್ದರೆ ಅದು ಬರೀ ಗಾಜು. ಮಸುಕು ನೇರಳೆಯಲ್ಲೇ ನಿಂತರೆ ದರ್ಜೆ ಕಡಿಮೆ. ಸರ್ಕ್ಯುಲರ್ ಹೌದೋ ಅಲ್ಲವೋ ತಿಳಿಯಲು ಲೆನ್ಸಿಗೆ ಕೂಡುವ ಬದಿಯನ್ನು ಕನ್ನಡಿಯ ಕಡೆ ಮಾಡಿ, ಫಿಲ್ಟರಿನ ಮೂಲಕವೇ ಕನ್ನಡಿಯಲ್ಲಿ ಅದರ ಬಿಂಬ ನೋಡಿ. ಬಿಂಬ ಕಪ್ಪಾಗಿದ್ದರೆ ಸರ್ಕ್ಯುಲರ್. ಕೊನೆಗೆ ಗೋಡೆಗೆ ದಿನಪತ್ರಿಕೆಯ ಪುಟ ಅಂಟಿಸಿ, ಟ್ರೈಪಾಡಿನ ಮೇಲಿಟ್ಟು, ಪೂರ್ತಿ ಜೂಮಿನಲ್ಲಿ ಫಿಲ್ಟರ್ ಸಹಿತ ಒಂದು, ರಹಿತ ಒಂದು ಫೋಟೋ ತೆಗೆಯಿರಿ. ಸಣ್ಣಕ್ಷರ ಎರಡರಲ್ಲೂ ಓದಿಸಿಕೊಂಡರೆ ಬಿಲ್ಲನ್ನು ಜೋಪಾನವಾಗಿಟ್ಟು ನಿಶ್ಚಿಂತರಾಗಿ. ಇಲ್ಲವಾದರೆ ವಾಪಸು ಕಳಿಸಿ, ಸಂಕೋಚ ಬೇಡ.

ಕೊಂಡ ಮೇಲೆ ಕಾಣುವ ಖರ್ಚುಗಳೂ ಇವೆ, ಅವು ರೂಪಾಯಿಯಲ್ಲಿಲ್ಲ. ಪೋಲರೈಸರ್ ಒಂದರಿಂದ ಎರಡು ಸ್ಟಾಪ್ ಬೆಳಕು ನುಂಗುತ್ತದೆ. ಆಗುಂಬೆಯ ಕಾಡಿನ ಮಬ್ಬಿನಲ್ಲಿ ಅದು ದೊಡ್ಡ ಬೆಲೆಯೇ. ಕೆಲಸವಾದ ಕೂಡಲೇ ಬಿಚ್ಚಿಡಿ. ಸ್ಟೆಪ್-ಅಪ್ ರಿಂಗ್ ಹಾಕಿದರೆ ಲೆನ್ಸ್ ಹುಡ್ ಕೂಡುವುದಿಲ್ಲ. ಬಿಸಿಲಿಗೆ ಟೋಪಿಯನ್ನೋ ಕೊಡೆಯನ್ನೋ ಅಡ್ಡ ಹಿಡಿಯಬೇಕು. ಹಳೆಯ 18-55ಗಳಲ್ಲಿ ಫೋಕಸ್ ಆಗುವಾಗ ಲೆನ್ಸಿನ ಮೂತಿಯೇ ತಿರುಗುತ್ತದೆ, ಅಂಥದ್ದಿದ್ದರೆ ಮೊದಲು ಫೋಕಸ್, ಆಮೇಲೆ ಫಿಲ್ಟರು ತಿರುಗಿಸಿ. ಅಗಲದ ಲೆನ್ಸಿನಲ್ಲಿ ನೀಲಿ ಆಕಾಶ ತೆಗೆಯಲು ಹೋದರೆ ಸೂರ್ಯನಿಗೆ ಲಂಬವಾದ ಕಡೆ ಮಾತ್ರ ಗಾಢವಾಗಿ ಆಕಾಶದ ನಡುವೆ ಕಪ್ಪು ಪಟ್ಟೆ ಮೂಡುತ್ತದೆ. ಆ ಲೆನ್ಸಿಗೆ ನಾನಿದನ್ನು ಹಳ್ಳದ ಒದ್ದೆ ಬಂಡೆಗಳಿಗಷ್ಟೇ ಹಾಕುವುದು. ಜೋಗದಲ್ಲಿ ಕಾಮನಬಿಲ್ಲು ಕಂಡಾಗಲೂ ಎಚ್ಚರ: ಅದರ ಬೆಳಕೂ ಪೋಲರೈಸ್ ಆದದ್ದು, ಬಳೆ ಒಂದು ಕಡೆ ತಿರುಗಿದರೆ ಬಿಲ್ಲು ಹೊಳೆಯುತ್ತದೆ, ಇನ್ನೊಂದು ಕಡೆ ತಿರುಗಿದರೆ ಅಳಿಸಿಯೇ ಹೋಗುತ್ತದೆ. ಮಲೆನಾಡಿನವರಾದರೆ ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಶಿಲೀಂಧ್ರಕ್ಕೆ ಬ್ರ್ಯಾಂಡಿನ ಭೇದವಿಲ್ಲ. ಲೆನ್ಸಿಗೆ ಸಿಕ್ಕಿಹಾಕಿಕೊಂಡರೆ ಬೆರಳಲ್ಲಿ ಅಮುಕಬೇಡಿ, ಬಳೆ ಅಂಡಾಕಾರವಾಗಿ ಇನ್ನಷ್ಟು ಬಿಗಿಯುತ್ತದೆ. ಸುತ್ತ ಅಗಲದ ರಬ್ಬರ್ ಬ್ಯಾಂಡ್ ಸುತ್ತಿ ಹಗುರವಾಗಿ ತಿರುಗಿಸಿ.

ಲೆನ್ಸಿಗೆ ಕೊಟ್ಟ ಬೆಲೆಯ ಕಾಲು ಭಾಗಕ್ಕಿಂತ ಹೆಚ್ಚು ಫಿಲ್ಟರಿಗೆ ಕೊಡುವ ಹವ್ಯಾಸಿಯ ಲೆಕ್ಕ ನನಗೆ ಅರ್ಥವಾಗುವುದಿಲ್ಲ. ನಿಮ್ಮ ಲೆನ್ಸುಗಳ ಮುಂದಿನ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ, ಅತಿ ದೊಡ್ಡ ಸಂಖ್ಯೆಯ ಒಂದು ಪೋಲರೈಸರನ್ನೂ ಬೇಕಾದಷ್ಟು ಬಳೆಗಳನ್ನೂ ಕೇಳಿ, ಕಾಂಬೋ ಬೇಡ ಎನ್ನಿ.